ಮೂಡಲಗಿರಿಯಪ್ಪನ ಅಟ್ಟದಲ್ಲಿ ಸರ್ಕಾರಿ ಯಂತ್ರ

ತೆಂಗಿನಕಾಯಿ ಅಟ್ಟದ ಮೇಲೆ ಹೆಚ್ಚುಕಮ್ಮಿ ಒಂದು ವರ್ಷ ಕೂತರೆ ಕೊಬ್ಬರಿಯಾಗುತ್ತದೆ ಎಂಬ ಸಂಗತಿ ೧೯೯೮ರಲ್ಲಿ ತೆಂಗು ಯಂತ್ರ ವಿನ್ಯಾಸ ಕೇಂದ್ರದ ಗಮನಕ್ಕೆ ಬಂತು. ಈ ವಿಳಂಬವನ್ನು ಗಂಭೀರವಾಗಿ ಪರಿಗಣಿಸಿ ಕೂಡಲೇ ಒಣಗಿಸುವ ಯಂತ್ರವೊಂದನ್ನು ಮಂಜೂರು ಮಾಡಲಾಯಿತು.

ಪ್ರಯೋಗಕ್ಕೆ ಅಟ್ಟ ಕೊಟ್ಟವನು ಹಂದನಕೆರೆಯ ಮೂಡಲಗಿರಿಯಪ್ಪ. ಅಟ್ಟದ ತುಂಬ ಒಂಬತ್ತು ತಿಂಗಳ ಕಾಯಿ, ಅವನ ಇಡೀ ವರ್ಷದ ಫಸಲು. ಊರಿನವರಿಗಿಂತ ಮೊದಲೇ ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ಹಾಕಿಬಿಡುವ ಆಸೆ ಅವನದು. "ಸುಮ್ಕೆ ಬುಟ್ರೆ ಅವೇ ಒಣಗ್ತವೆ ಕಣ್ರೀ, ಮುಟ್ಟಿ ಕೆಡಿಸ್ಬ್ಯಾಡಿ" ಎಂದು ಹೆಂಡತಿ ಹನುಮಕ್ಕ ಹೇಳಿದ್ದುಂಟು. ಆದರೆ ಆ ಮಾತಿಗೆ ತಾಂತ್ರಿಕ ಮಂಜೂರಾತಿ ಇರಲಿಲ್ಲ.

ಮೋಟಾರು, ಫ್ಯಾನು, ಹೊಗೆಕೊಳವೆ, ನಾಲ್ಕು ಕಾಲು ಸಮೇತ ಯಂತ್ರ ಅಟ್ಟ ಹತ್ತಿತು. ಅಷ್ಟರಲ್ಲಿ ಕೇಂದ್ರದ ನಿರ್ದೇಶಕ ಸದಾಶಿವಯ್ಯನವರು ಹೊರದೇಶದ ತರಬೇತಿ ಮುಗಿಸಿ, ಜೇಬಿಲ್ಲದ ಅಂಗಿ ತೊಟ್ಟು ಬಂದರು. ಅವರ ಪೆನ್ನು ಹಿಡಿಯಲು ಹಿಂದೊಬ್ಬ ಗುಮಾಸ್ತ.

"ಒಳ್ಳೆಯ ವಸ್ತು ಕಣ್ಣಿಗೆ ಚುಚ್ಚಬಾರದು. ಬೇಡದ್ದನ್ನು ತೆಗೀತಾ ಹೋಗಬೇಕು" ಎಂದು ಹೊಗೆಕೊಳವೆ ತೆಗೆಸಿದರು. ಮುಂದಿನ ಭೇಟಿಯಲ್ಲಿ ಫ್ಯಾನು ಹೋಯಿತು. ಫ್ಯಾನಿಲ್ಲದೆ ಮೋಟಾರು ಏನನ್ನು ತಿರುಗಿಸಬೇಕು? ಅದೂ ಇಳಿಯಿತು. ಮೇಲೆ ಏನೂ ಉಳಿಯದ್ದರಿಂದ ಕಾಲುಗಳು ವೃಥಾ ನಿಂತಿದ್ದವು. ಅವನ್ನೂ ತೆಗೆದ ಮೇಲೆ ಆದೇಶ ಹೊರಟಿತು: "ಯಂತ್ರದ ಸುಧಾರಣೆ ಪೂರ್ಣಗೊಂಡಿದ್ದು, ಸದರಿ ಅಟ್ಟದ ಸಮಸ್ತ ಖಾಲಿ ಜಾಗವನ್ನು ಯಂತ್ರವೆಂದು ಪರಿಗಣಿಸತಕ್ಕದ್ದು."

ಪೀಡೆ ತೊಲಗಿತು ಎಂದುಕೊಂಡ ಮೂಡಲಗಿರಿಯಪ್ಪ. ಒಂದು ಕಾಯಿ ಅಲ್ಲಾಡಿಸಿ ನೋಡಿದ. ಒಳಗೆ ಗಿಟುಕು ಚಿಪ್ಪು ಬಿಟ್ಟು ಗಡಗಡ ಎನ್ನಲು ಶುರುವಾಗಿತ್ತು.

ಅಂತಿಮ ತಪಾಸಣೆಗೆ ಬಂದ ಸದಾಶಿವಯ್ಯನವರು ಏಣಿ ಹತ್ತಿ ಮುಖ ಸಿಂಡರಿಸಿದರು.

"ಯಂತ್ರದೊಳಗೆ ಇದೇನ್ರೀ?"

"ಕಾಯಿ ಸ್ವಾಮಿ. ಇನ್ನೆರಡು ತಿಂಗ್ಳು ಬುಡಿ, ಕೊಬ್ರಿ ಆಯ್ತವೆ."

"ಇಷ್ಟು ಅಚ್ಚುಕಟ್ಟಾದ ಯಂತ್ರದಲ್ಲಿ ಇದೊಂದೇ ಹೆಚ್ಚಾಗಿ ಕಾಣ್ತಿರೋದು. ಇಳಿಸಿ."

ಇಳಿಸದಿದ್ದರೆ ಸರ್ಕಾರಿ ಯಂತ್ರಕ್ಕೆ ಹಾನಿ ಮಾಡಿದ ಮೊಕದ್ದಮೆ. ಕಾಯಿಗಳು ಅಂಗಳಕ್ಕೆ ಬಂದವು, ಅದೇ ವಾರ ಮಳೆಯೂ ಬಂತು. ಅತ್ತ ಅಡುಗೆಗೂ ಆಗದೆ, ಇತ್ತ ಕೊಬ್ಬರಿಯೂ ಆಗದೆ, ಒಳಗೇ ಬೂಷ್ಟು ಹಿಡಿದು ನಾರಿದವು. ಮೂಡಲಗಿರಿಯಪ್ಪ ತಲೆ ಮೇಲೆ ಕೈ ಹೊತ್ತು ಕೂತ.

"ಅಟ್ಟ ಖಾಲಿ ಬಿದ್ದೈತೆ, ಕಾಯಿ ಅಂಗ್ಳದಾಗೆ ಕೊಳೀತಾವೆ. ಇದ್ಯಾವ ಸೀಮೆ ನ್ಯಾಯ?" ಎಂದು ಹನುಮಕ್ಕ ಅತ್ತಳು.

"ಖಾಲಿ ಅನ್ಬ್ಯಾಡ ಕಣೇ, ಕೇಸಾಯ್ತದೆ."

ವರ್ಷಾಂತ್ಯದ ವರದಿಯಲ್ಲಿ ಕೇಂದ್ರವು, ಸದರಿ ಯಂತ್ರದೊಳಗೆ ಒಂದೇ ಒಂದು ಕಾಯಿಯೂ ಕೆಟ್ಟಿಲ್ಲವೆಂದು ಹೆಮ್ಮೆಯಿಂದ ತಿಳಿಸಿತು. ಅದು ಸತ್ಯವೇ ಆಗಿತ್ತು. ಮೂಡಲಗಿರಿಯಪ್ಪನಿಗೆ ಪ್ರಗತಿಪರ ರೈತನೆಂದು ಶಾಲು ಹೊದಿಸಿ ಫೋಟೊ ತೆಗೆದರು. ಯಂತ್ರ ನೋಡಲು ದೂರದ ಊರುಗಳಿಂದ ಜನ ಬಂದರು. ಚಪ್ಪಲಿ ಬಿಟ್ಟು ಏಣಿ ಹತ್ತಿ, ಇಣುಕಿ, ತಲೆದೂಗಿ ಇಳಿದರು.

ಕೊನೆಗೆ ಪಕ್ಕದ ಮನೆಯ ಹುಚ್ಚರಂಗಯ್ಯನೂ ಬಂದ. "ಅಣ್ಣ, ನಮ್ಮಟ್ಟಕ್ಕೂ ಇಂಥದ್ದೊಂದು ಮಿಷನ್ನು ಹಾಕ್ಸಿಕೊಡು."

"ಮೇಲೆ ಕಾಯಿ ಅವ್ಯೇನ್ಲಾ?"

"ಅವೆ. ಹತ್ತು ತಿಂಗ್ಳಾಯ್ತು."

ಮೂಡಲಗಿರಿಯಪ್ಪ ಶಾಲು ತೆಗೆದಿಟ್ಟು, ಪಂಚೆ ಎತ್ತಿ ಕಟ್ಟಿ, ಅವನ ಅಟ್ಟ ಹತ್ತಿದ. "ನಾನು ಎಸೀತೀನಿ, ನೀನು ಕೆಳಗೆ ಹಿಡ್ಕ" ಅಂದ.