ಕೊಳತ್ತೂರಿನಲ್ಲಿ ಹಾಲುಕ್ಕಿಸಿದ ಮೇಲೆ

ಮನೆ ಬದಲಾಯಿಸಿದವರಿಗೆಲ್ಲ ಇಂಥವು ಆಗುತ್ತವೋ, ಇಲ್ಲಾ ನಮ್ಮ ಮನೆಯ ವಿಳಾಸ ಕೇಳಿಕೊಂಡು ಹುಡುಕಿ ಬರುತ್ತವೋ, ನನಗಂತೂ ಗೊತ್ತಿಲ್ಲ. ನನ್ನ ಹೆಂಡತಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಅವಳಿಗೆ ಮಾರಂಡಹಳ್ಳಿಯಿಂದ ಮೇಟ್ಟೂರು ಡ್ಯಾಮಿನ ಹತ್ತಿರದ ಕೊಳತ್ತೂರಿಗೆ ವರ್ಗವಾಯಿತು. ಎರಡೂ ತಮಿಳು ಸೀಮೆಯ ಊರುಗಳೇ. ನಾನು ಕನ್ನಡದಲ್ಲಿ ಕತೆ ಬರೆಯುವವನು. ಎಲ್ಲಿ ಕೂತರೂ ಬರೆಯಬಹುದು ಎಂದು ಎಲ್ಲರೂ ಹೇಳಿದ್ದರಿಂದ ನಾನೂ ಹೊರಟೆ. ಎರಡನೇ ಕ್ಲಾಸಿನ ಮಗಳು, ರಾಗಿ ಮೂಟೆ, ನನ್ನ ಪುಸ್ತಕದ ಮೂಟೆ, ಮುಖ ಊದಿಸಿಕೊಂಡ ಅವ್ವ, ಎಲ್ಲ ಒಂದೇ ಲಾರಿಯಲ್ಲಿ ಬಂದು ಇಳಿದೆವು. ಅವ್ವನಿಗೆ ಮಾರಂಡಹಳ್ಳಿ ಬಿಡಲು ಸುತರಾಂ ಇಷ್ಟವಿರಲಿಲ್ಲ.

ಹಾಲು

ಬಾಡಿಗೆ ಮನೆಯಾದರೂ ಸರಿ, ಒಳಗೆ ಕಾಲಿಟ್ಟ ದಿನ ಹಾಲು ಉಕ್ಕಿಸಬೇಕು. ಗ್ಯಾಸ್ ಕನೆಕ್ಷನ್ ಇನ್ನೂ ಬಂದಿರಲಿಲ್ಲ. ಹೆಂಡತಿ ಕರೆಂಟ್ ಸ್ಟವ್ ಇಟ್ಟು, ಪಾತ್ರೆಗೆ ಅರಿಸಿನ ಕುಂಕುಮ ಹಚ್ಚಿದಳು. ಹಾಲು ಏರಿತು, ಅಂಚಿಗೆ ಬಂತು, ಒಂದು ಹನಿ ಕೆಳಗೆ ಬಿದ್ದಿದ್ದೇ ತಡ, ಸ್ಟವ್ 'ಕುಯ್' ಎಂದು ತಾನಾಗಿ ಆಫ್ ಆಯಿತು. ಹಾಲು ಸರ್ರನೆ ಇಳಿದುಹೋಯಿತು. ಒರೆಸಿ ಮತ್ತೆ ಇಟ್ಟಳು. ಮತ್ತೆ 'ಕುಯ್'.

"ಈ ಒಲೇಗೆ ನಾವು ಬಾಳೋದು ಇಷ್ಟ ಇಲ್ಲ ಕಣಲಾ," ಎಂದಳು ಅವ್ವ.

ಗೋಡೆಯಾಚೆ ಪಕ್ಕದ ಮನೆಯಿಂದ ನಮ್ಮ ಓನರಮ್ಮ ಎಲ್ಲ ನೋಡುತ್ತಿದ್ದರು. ಅವರೇ ಇಟ್ಟಿಗೆ, ಸೌದೆ ತಂದು ಅಂಗಳದಲ್ಲಿ ಒಲೆ ಹೂಡಿಕೊಟ್ಟರು. ಈ ಸಲ ಹಾಲು ಭರ್ತಿ ಉಕ್ಕಿತು. ಆದರೆ ಉಕ್ಕಿದ್ದು ಮೂಡಲಿಗಲ್ಲ, ಪಡುವಲಿಗೆ, ನೇರವಾಗಿ ಓನರಮ್ಮನ ಮನೆ ಕಡೆಗೆ. ಹೆಂಡತಿಯ ಮುಖ ಸಣ್ಣಗಾಯಿತು. ಓನರಮ್ಮ ಗಡಬಡಿಸಿ ಸೌದೆ ಹಿಂದಕ್ಕೆಳೆದರು.

ಅವ್ವನೇ ಸಮಾಧಾನ ಹೇಳಿದಳು: "ಸರಿ ಬುಡಮ್ಮ. ಲಕ್ಷ್ಮಿ ಪಕ್ಕದ್ಮನೇಗೆ ಓದ್ಲು. ಬೇಕಾದಾಗ ಓಗಿ ಈಸ್ಕೊಂಡ್ ಬಂದ್ರಾಯ್ತು."

ರೈಟರ್

ಟೀ ಅಂಗಡಿಯಲ್ಲಿ ಯಾರೋ "ಸಾರ್ ಎನ್ನ ವೇಲೆ?" ಎಂದು ಕೇಳಿದರು. ಏನು ಕೆಲಸ ಎಂದು. ನಾನು ಸಂಕೋಚದಿಂದಲೇ "ರೈಟರ್" ಎಂದೆ.

ಮಾರನೆಯ ದಿನದಿಂದ ಆ ಬೀದಿಯ ವರಸೆಯೇ ಬೇರೆ. ನಾನು ಹೋದರೆ ಬೆಂಚಿನವರು ಎದ್ದು ಜಾಗ ಬಿಡುತ್ತಿದ್ದರು. ಬೇವಿನ ಮರದ ಕೆಳಗೆ ಇಸ್ಪೀಟು ಆಡುವವರು ಎಲೆಗಳನ್ನು ಪಂಚೆಯೊಳಗೆ ಸೇರಿಸಿ ಆಕಾಶ ನೋಡುತ್ತಿದ್ದರು. ಹೆಲ್ಮೆಟ್ ಇಲ್ಲದ ಒಬ್ಬಾತ ನನ್ನನ್ನು ಕಂಡು ಬೈಕಿನಿಂದಿಳಿದು ತಳ್ಳಿಕೊಂಡೇ ಹೋದ. "ಈ ಊರಲ್ಲಿ ಸಾಹಿತ್ಯಕ್ಕೆ ಎಷ್ಟು ಮರ್ಯಾದೆ ನೋಡು," ಎಂದು ಹೆಂಡತಿಗೆ ಹೇಳಿದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು.

ಒಂದು ದಿನ ಇಬ್ಬರು ಹೆಂಗಸರು ಜಗಳವಾಡುತ್ತಾ ಬಂದರು. ನಡುವೆ ಒಂದು ಕೆಂಪು ಕೋಳಿ. ತನ್ನದು ಎಂದು ಇವಳು, ತನ್ನದು ಎಂದು ಅವಳು. "ನೀಂಗಳೇ ಸೊಲ್ಲುಂಗ ಸಾರ್," ನೀವೇ ಹೇಳಿ ಎಂದರು. ನಾನು ಗಂಭೀರವಾಗಿ "ಕೋಳೀನ ಕೆಳಗೆ ಬಿಡಿ. ಯಾರ ಮನೆ ಕಡೆ ಹೋಗುತ್ತೋ ಅವರದು," ಎಂದೆ. ಬಿಟ್ಟರು. ಕೋಳಿ ಅತ್ತ ಇತ್ತ ನೋಡಿ ಸೀದಾ ನಮ್ಮ ಅಡಿಗೆಮನೆಗೆ ನಡೆಯಿತು. ಅವ್ವ ಅಲ್ಲಿ ರಾಗಿ ಕೇರುತ್ತಿದ್ದಳು.

ಮೊದಲನೆಯವಳು ಅನುಮಾನದಿಂದ ಕೇಳಿದಳು: "ಸಾರ್, ನೀಂಗ ಎಂದ ಸ್ಟೇಷನ್?" ನೀವು ಯಾವ ಸ್ಟೇಷನ್ ಎಂದು.

ಆಗ ಹೊಳೆಯಿತು. ನಮ್ಮ ಕಡೆ ಪೊಲೀಸ್ ಸ್ಟೇಷನ್ನಿನಲ್ಲಿ ಕಂಪ್ಲೇಂಟು ಬರೆದುಕೊಳ್ಳುವವರಿಗೂ ರೈಟರ್ ಎಂದೇ ಹೆಸರು. "ನಾನು ಸ್ಟೇಷನ್ ರೈಟರ್ ಅಲ್ಲಮ್ಮ, ಕತೆ ಬರೆಯೋನು," ಎಂದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಜಗಳ ಮರೆತು ಒಟ್ಟಿಗೇ ಕೋಳಿ ಹಿಡಿದುಕೊಂಡು ಹೊರಟರು. ಬಾಗಿಲಲ್ಲಿ ಒಬ್ಬಳು ತಿರುಗಿ ನನಗೆ ಧೈರ್ಯ ಹೇಳಿದಳು: "ಪರವಾಯಿಲ್ಲ ಸಾರ್. ಸ್ಟೇಷನ್‌ನಲ್ಲೂ ಅದನ್ನೇ ಅಲ್ವಾ ಬರಿಯೋದು?"

ಕಿಟಕಿ

ಬರೆಯುವ ಮೇಜನ್ನು ಬೀದಿ ಕಡೆಯ ಕಿಟಕಿಗೆ ಹಾಕಿದ್ದೆ. ವಾಕ್ಯ ಸಿಗದಿದ್ದರೆ ನನಗೆ ಹೊರಗೆ ನೋಡುವ ಅಭ್ಯಾಸ. ಎದುರು ಮನೆಯಾಕೆ ಮಹಡಿಯ ಮೇಲೆ ಬಟ್ಟೆ ಒಣಹಾಕುವವರು. ಒಂದು ವಾರ ತಡೆದುಕೊಂಡರಂತೆ. ಆಮೇಲೆ ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು, "ನಿಮ್ಮ ಮನೆಯವರು ನನ್ನನ್ನೇ ನೋಡ್ತಾರೆ," ಎಂದು ದೂರು ಹೇಳಿದರು.

"ಅವರು ನೋಡ್ತಾರೆ ಅಷ್ಟೇ ಅಕ್ಕ, ಕಾಣ್ಸಲ್ಲ," ಎಂದಳಂತೆ ಇವಳು.

ಆಕೆ ನಂಬಲಿಲ್ಲ. ಇವಳು ಹೊಸ ಸೀರೆ ಉಟ್ಟುಕೊಂಡು ಬಂದು, ಆಕೆಯ ಜೊತೆ ಅದೇ ಮಹಡಿಯಲ್ಲಿ ನಿಂತು ನನ್ನತ್ತ ಎರಡೂ ಕೈ ಬೀಸಿದಳು. ನಾನು ಅವರತ್ತಲೇ ನೋಡುತ್ತಾ, ತಲೆ ಕೆರೆದುಕೊಂಡು, ಮತ್ತೆ ಬರೆಯತೊಡಗಿದೆನಂತೆ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು.

ಅಂದಿನಿಂದ ಎದುರು ಮನೆಯಾಕೆ ಸಂಜೆಯಾದರೆ ಮಲ್ಲಿಗೆ ಕಟ್ಟಿ ತಂದು ನನ್ನ ಹೆಂಡತಿಗೆ ಕೊಡುತ್ತಾರೆ. "ಅವ್ರು ನೋಡ್ದಿದ್ರೆ ಏನು ತಂಗಚ್ಚಿ, ನಾನು ನೋಡ್ತೀನಿ. ಮುಡ್ಕೋ."

ಮನೆಮಾತು

ಮಗಳ ಹೊಸ ಶಾಲೆಯಲ್ಲಿ ಟೀಚರು ಕೇಳಿದರು: "ವೀಟ್ಲ ಎನ್ನ ಪೇಸ್ವೀಂಗ?" ಮನೆಯಲ್ಲಿ ಏನು ಮಾತಾಡುತ್ತೀರಿ? ಕನ್ನಡ ಎಂಬ ಉತ್ತರಕ್ಕಾಗಿ ನಾನು ಪಕ್ಕದಲ್ಲಿ ಹೆಮ್ಮೆಯಿಂದ ನಿಂತಿದ್ದೆ.

ಮಗಳು ಯೋಚಿಸಿ ತಮಿಳಿನಲ್ಲೇ ಹೇಳಿದಳು: "ಅಪ್ಪ ಮಾತಾಡಲ್ಲ ಮಿಸ್. ಅಮ್ಮ ಮಾತ್ರ ಮಾತಾಡ್ತಾರೆ."

ಟೀಚರು ನಗು ತಡೆದುಕೊಂಡು, "ಮತ್ತೆ ಅಜ್ಜಿ?" ಎಂದರು.

"ಅಜ್ಜಿ ಪಕ್ಕದ್ಮನೆ ಆಡಿನ ಜೊತೆ ಮಾತಾಡ್ತಾರೆ."

"ಯಾವ ಭಾಷೇಲಿ?"

"ಕನ್ನಡ ಮಿಸ್. ಆಡಿಗೆ ಪೂರಾ ಅರ್ಥ ಆಗುತ್ತೆ. ನನಗೇ ಆಗಲ್ಲ."

ಬಸ್ಸು

ಮನೆಗೆ ಬರುವಾಗ ಆ ಆಡಿನ ಮಾತೇ ಕೊರೆಯುತ್ತಿತ್ತು. ಅವ್ವ ಊರಲ್ಲಿ ಕುರಿ ಅಟ್ಟಿಕೊಂಡು, ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿಕೊಂಡು ಮಾತಾಡಿದವಳು. ಇಲ್ಲಿ ಜಗಲಿಯಲ್ಲಿ ಕೂತು ಆಡಿನ ಕಿವಿ ತುರಿಸುತ್ತಿದ್ದಳು. ಆಗಾಗ "ನನ್ನ ಮಾರಂಡಳ್ಳಿ ಬಸ್ಸು ಅತ್ತಿಸ್ಬುಡು ಮಗಾ," ಎನ್ನುವಳು. ಒಗ್ಗಿಕೊಳ್ಳುತ್ತಾಳೆ ಎಂದು ಹೆಂಡತಿ, ಇಲ್ಲ ಎಂದು ನಾನು. ರಾತ್ರಿ ಊಟಕ್ಕೆ ಕೂತರೆ ನಮಗೆ ಇದೇ ಮಾತು.

ಒಂದು ಶನಿವಾರ ಬೆಳಿಗ್ಗೆ ಬರೆಯುತ್ತಾ ಕೂತವನು ತಲೆ ಎತ್ತಿ ನೋಡಿದರೆ ಜಗಲಿಯಲ್ಲಿ ಅವ್ವ ಇಲ್ಲ. ಗೂಟದಲ್ಲಿ ಅವಳ ಚೀಲ ಇಲ್ಲ. ಅವಳ ಫೋನು ಮಾತ್ರ ಅಡಿಗೆಮನೆಯಲ್ಲಿ ಚಾರ್ಜಿಗೆ ಹಾಕಿದ ಹಾಗೇ ಇತ್ತು. ಆಸ್ಪತ್ರೆಗೆ ಹೊರಟಿದ್ದ ಹೆಂಡತಿಯನ್ನು ಸ್ಕೂಟಿ ಸಮೇತ ಬಸ್‌ಸ್ಟ್ಯಾಂಡಿಗೆ ತಿರುಗಿಸಿದೆ. ಹೂ ಮಾರುವವಳು, "ಚೀಲ ಇಟ್ಕೊಂಡಿದ್ದ ಅಜ್ಜೀನಾ? ಮೇಟ್ಟೂರು ಬಸ್ ಹತ್ತಿದ್ರು, ಈಗಷ್ಟೇ," ಎಂದಳು.

ಮೇಟ್ಟೂರಿಂದ ಧರ್ಮಪುರಿ, ಅಲ್ಲಿಂದ ಪಾಲಕ್ಕೋಡು, ಅಲ್ಲಿಂದ ಮಾರಂಡಹಳ್ಳಿ. ಒಬ್ಬಳೇ ಹೋಗಿಬಿಡುತ್ತಾಳೆ. ಹೋಗಲಿ, ಆದರೆ ಹೇಳದೆ ಹೋಗುವಷ್ಟು ಬೇಸರ ಮಾಡಿದೆವಾ? ಹಿಂದೆ ಕೂತು ಏನೇನೋ ಬಡಬಡಿಸುತ್ತಿದ್ದೆ. "ಸುಮ್ನೆ ಬಿಗಿಯಾಗಿ ಹಿಡ್ಕೊಳಿ," ಎಂದು ಹೆಂಡತಿ ಸ್ಕೂಟಿ ಓಡಿಸಿದ ರೀತಿಯನ್ನು ನಾನು ಈಗಲೂ ಕಣ್ಣು ಮುಚ್ಚಿಯೇ ನೆನೆಯುತ್ತೇನೆ. ಊರು ದಾಟಿದ ಮೇಲೆ ಬಸ್ಸು ಸಿಕ್ಕಿತು. ಅವಳು ಮುಂದೆ ಹೋಗಿ ಅಡ್ಡ ನಿಲ್ಲಿಸಿಯೇಬಿಟ್ಟಳು. ಡ್ರೈವರು ಬೈಯುತ್ತಿದ್ದ ಹಾಗೇ ನಾನು ಹತ್ತಿದೆ.

"ಅವ್ವಾ!" ಎಂದು ಕೂಗಿದೆ.

ಅರ್ಧ ಬಸ್ಸಿನಲ್ಲಿ ನಮ್ಮ ಬೀದಿಯೇ ಇತ್ತು. ಓನರಮ್ಮ, ಎದುರು ಮನೆಯಾಕೆ, ಕೋಳಿಯ ಇಬ್ಬರು ಹೆಂಗಸರು, ಇನ್ನೂ ಯಾರು ಯಾರೋ. ನಡುವೆ ತಲೆ ತುಂಬಾ ಕನಕಾಂಬರ ಮುಡಿದುಕೊಂಡು ಅವ್ವ. ತೊಡೆಯ ಮೇಲಿನ ಚೀಲದಿಂದ ಎಲ್ಲರಿಗೂ ಹುರಿಗಾಳು ಹಂಚುತ್ತಿದ್ದಳು.

"ಇಲ್ಯಾಕ್ಲಾ ಬಂದೆ?" ಎಂದಳು.

"ಊರಿಗೆ ಹೊರಟುಬಿಟ್ಟೆಯೇನೋ ಅಂತ..."

"ಯಾವ ಊರ್ಗೆ? ಡ್ಯಾಮ್ ಪಾರ್ಕ್‌ಗೆ ಓಗ್ತಾ ಇವ್ನಿ, ಮೀನು ತಿನ್ನೋಕೆ. ಎಂಗುಸ್ರಿಗೆ ಬಸ್ಸು ಫ್ರೀ ಅಂತೆ, ನಂಗೆ ಯಾರೂ ಏಳೇ ಇಲ್ಲ. ನೀನು ಕಿಟ್ಕೀಲಿ ಕುಂತಿದ್ದೆ, ನಿನ್ನ ಮುಂದೇನೇ ನಿಂತ್ಕಂಡು ಓಗಿಟ್ಟು ಬತ್ತೀನಿ ಅಂದೆ. ಊಂ ಅಂದ್ಯಲ್ಲ!"

ಎದುರು ಮನೆಯಾಕೆ ಸೆರಗು ಬಾಯಿಗಿಟ್ಟುಕೊಂಡರು. ಕೆಳಗೆ ಹೆಂಡತಿ ಸ್ಕೂಟಿಯನ್ನು ಪಕ್ಕಕ್ಕೆ ತೆಗೆದು, ಕಣ್ಣೊರೆಸಿಕೊಂಡು ನಗುತ್ತಿದ್ದಳು. ಇಳಿಯೋಣವೆಂದು ತಿರುಗುವಷ್ಟರಲ್ಲಿ ಬಸ್ಸು ಹೊರಟೇಬಿಟ್ಟಿತು. ಕಂಡಕ್ಟರು ಬಂದು ಬೆರಳು ಚಾಚಿ, "ಲೇಡೀಸ್ ಎಲ್ಲ ಫ್ರೀ. ನೀವೊಬ್ಬರು ಟಿಕೆಟ್ ತಗೊಳಿ," ಎಂದರು.

ನಾನು ಜೇಬು ತಡಕುತ್ತಾ ನಿಂತೆ. ಓನರಮ್ಮ ಮೆಲ್ಲಗೆ, "ಏನಾಯ್ತಂತೆ ಸಾರ್‌ಗೆ?" ಎಂದು ಅವ್ವನನ್ನು ಕೇಳಿದರು.

ಅವ್ವ ಸರಿದು ಪಕ್ಕದಲ್ಲಿ ನನಗೆ ಜಾಗ ಮಾಡಿ, ಕೈಗೆ ಒಂದು ಹಿಡಿ ಹುರಿಗಾಳು ಹಾಕಿ, ಬಸ್ಸಿಗೆಲ್ಲ ಕೇಳುವ ಹಾಗೆ ಹೇಳಿದಳು:

"ಏನಿಲ್ಲಮ್ಮ, ಪಾಪ. ಅವುನ್ಗೆ ಇನ್ನಾ ಈ ಊರು ಒಗ್ಗಿಲ್ಲ."