ವಿಜಯಾ ಎಣ್ಣೆ ಮತ್ತು ನನ್ನ ಮೊಣಕಾಲು

ಎಂಟು ವರ್ಷ ಲೀಗಿನಲ್ಲಿ ಸಂಬಳಕ್ಕೆ ಕಬಡ್ಡಿ ಆಡಿ ಮೊಣಕಾಲು ಕೆಡಿಸಿಕೊಂಡವನು ನಾನು. ನೋವಿಗಿಂತ ಹೆಚ್ಚು ಕಾಡಿದವರು ನೋವಿಲ್ಲದ ಮಂದಿ. ವಾರಕ್ಕೊಬ್ಬರಾದರೂ ಗಂಟುಬೀಳುತ್ತಾರೆ. ಮೊದಲು ಸಿಟ್ಟು ಬರುತ್ತದೆ, ಆಮೇಲೆ ನಗು ಬರುತ್ತದೆ. ನಗು ಬಂತಲ್ಲ ಅಂತ ಮತ್ತೆ ಸಿಟ್ಟು ಬರುತ್ತದೆ.

ಯಾರೀಕಿ?

ನೋವಿನ ಗುಳಿಗೆ ನುಂಗಿ ನುಂಗಿ ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಆಟವಿಲ್ಲದ ತಿಂಗಳಲ್ಲಿ ಲಿಂಗಸುಗೂರಿನ ಆಯುರ್ವೇದ ವೈದ್ಯರ ಹತ್ತಿರ ಹೋದೆ. ಗಾಂಜಾ ಎಲೆಯಿಂದ ಮಾಡಿದ, ಸರ್ಕಾರದ ಪರವಾನಗಿ ಇರುವ, ಹನಿ ಹಾಕಿಕೊಂಡು ಕುಡಿಯುವ ಎಣ್ಣೆ ಬರೆದುಕೊಟ್ಟರು. ಅವರ ವೈದ್ಯದಲ್ಲಿ ಗಾಂಜಾಕ್ಕೆ ವಿಜಯಾ ಅಂತ ಹೆಸರು.

ಸಿಂಧನೂರಿಗೆ ಬಂದು ಅಂಗಿ ಒಗೆಯಲು ಹಾಕಿದೆ. ಹೆಂಡತಿ ಜೇಬಿನ ಚೀಟಿ ತೆಗೆದು ಓದಿದಳು. "ವಿಜಯಾ, ದಿನಾ ಎರಡು ಸಲ, ಊಟದ ನಂತರ."

"ಯಾರೀಕಿ?" ಅಂದಳು.

"ಅದು ಗಾಂಜಾದ ಎಣ್ಣಿ ಬೇ. ಮೊಣಕಾಲಿಗೆ ಕೊಟ್ಟಾರ."

ಅವಳು ಉಸಿರುಬಿಟ್ಟು ಕೂತಳು. "ಗಾಂಜಾ ಏನು? ಮೊದ್ಲ ಹೇಳಬಾರದೇನ್ರಿ. ನಾ ಏನೋ ಕೆಟ್ಟ ಚಟ ಅಂದ್ಕೊಂಡಿದ್ದೆ."

ಮಸ್ಕಿಯ ವೇದಿಕೆ

ಮಸ್ಕಿಯಲ್ಲಿ ಒಂದು ಟೂರ್ನಮೆಂಟಿಗೆ ನನ್ನನ್ನು ಅತಿಥಿಯಾಗಿ ಕರೆದಿದ್ದರು. ಹೋದಾಗ ಸಂಘಟಕರು ಪಕ್ಕಕ್ಕೆ ಕರೆದು, ಬಾಯಿ ತುಂಬ ಇದ್ದ ಗುಟ್ಕಾ ಉಗುಳಿ ಹೇಳಿದರು: "ತಪ್ಪು ತಿಳೀಬ್ಯಾಡ್ರಿ. ನೀವು ಗಾಂಜಾ ಎಣ್ಣಿ ತಗೋತೀರಂತ ಗೊತ್ತಾಗ್ಯಾದ. ವೇದಿಕಿ ಮ್ಯಾಲೆ ಕುಂದ್ರಿಸಿದ್ರ ಹುಡುಗ್ರು ಕೆಡ್ತಾರ."

ಆಟಗಾರರ ಎದೆಯ ಮೇಲೆಲ್ಲ ಊರಿನ ಮದ್ಯದ ಬಾರೊಂದರ ಹೆಸರು ಅಚ್ಚಾಗಿತ್ತು. "ಈ ಅಂಗಿ ಯಾರು ಕೊಟ್ಟಾರ್ರಿ?" ಅಂದೆ.

"ಬಾರಿನ ಮಾಲಕರು. ಭಾಳ ಕ್ರೀಡಾಭಿಮಾನಿಗಳು. ಇವತ್ತು ನಮ್ಮ ಉದ್ಘಾಟಕರು ಅವರ."

ಮೈ ಉರಿಯಿತು. ಆದರೂ ಮಂದಿಯೊಳಗೆ ಕೂತು ಭಾಷಣ ಕೇಳಿದೆ. ಉದ್ಘಾಟಕರು ವ್ಯಸನಮುಕ್ತ ಯುವಜನರ ಬಗ್ಗೆ ಮಾತಾಡಿದರು. ಮೈಕು ತನ್ನ ಕಾಲ ಮೇಲೆ ತಾನೇ ನಿಂತಿತ್ತು. ಅವರನ್ನು ಮಾತ್ರ ಇಬ್ಬರು ಹಿಡಿದುಕೊಂಡಿದ್ದರು.

ಮೂರು ತಾಸು

ಪಂದ್ಯದ ಹೊತ್ತಿಗೆ ಆ ಎಣ್ಣೆ ಮೈಯಲ್ಲಿ ಇರಬಾರದು ಅಂತ ನಿಯಮ. ತಿಂಗಳುಗಟ್ಟಲೆ ಮೊದಲೇ ಬಿಟ್ಟಿದ್ದೆ. ಲೀಗ್ ಶುರುವಾದ ಮೇಲೆ ಕುಂಟುತ್ತ ಹೋದರೆ ತಂಡದ ಮ್ಯಾನೇಜರ್, "ಬ್ಯಾನಿ ಆದ್ರ ಸೂಜಿ ಹಾಕಿಸ್ಕೊ, ಆಡು" ಅಂದ. ಹರಿದ ಮೊಣಕಾಲನ್ನು ಮರಗಟ್ಟಿಸಿ ಓಡಿಸುವುದು ಇವರಿಗೆ ತಪ್ಪಲ್ಲ, ಎರಡು ಹನಿ ಎಣ್ಣೆ ತಪ್ಪು.

ಪಂದ್ಯ ಮುಗಿದ ಕೂಡಲೇ ಮೂತ್ರ ಪರೀಕ್ಷೆಗೆ ನನ್ನನ್ನೇ ಕರೆದರು. ತಪ್ಪು ಮಾಡದಿದ್ದರೂ ಹೆದರಿಕೆ. ಹೆಸರು ಕೆಟ್ಟರೆ ಆಟವೇ ಹೋಗುತ್ತದೆ. ಮೂತ್ರವೂ ಹೆದರಿತೋ ಏನೋ, ಬರಲೇ ಇಲ್ಲ. ಪರೀಕ್ಷೆಯ ಅಧಿಕಾರಿ ನನ್ನಿಂದ ಕಣ್ಣು ತೆಗೆಯುವಂತಿಲ್ಲ. ಮೂತ್ರ ಹಿಡಿಯುವ ಬಾಟಲಿ ಕೈಯಲ್ಲಿಟ್ಟುಕೊಂಡು ಒಂದು ಸ್ಟೂಲಿನ ಮೇಲೆ ಮೂರು ತಾಸು ಕೂತರು. ನಾನು ನೀರು ಕುಡಿಯುತ್ತಲೇ ಇದ್ದೆ.

ಕೊನೆಗೆ ಏಳಲು ಹೋದವರು ಅರ್ಧಕ್ಕೇ ಬಾಗಿ ನಿಂತರು. ಸೊಂಟ ಹಿಡಿದಿತ್ತು. ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು: "ನಿಮ್ಮ ಕಡೆ ಸೊಂಟಕ್ಕ ಅದೇನೋ ಎಣ್ಣಿ ಕೊಡ್ತಾರಂತಲ್ರಿ, ಖರೇನ ಕೆಲಸ ಮಾಡ್ತದೇನು?"

ನಾನು ಹೊಟ್ಟೆ ಹಿಡಿದು ನಕ್ಕೆ. ಮೂರು ತಾಸು ಬಾರದ್ದು ಆಗ ಧಾರಾಳವಾಗಿ ಬಂತು. ಬಾಟಲಿ ಇನ್ನೂ ಅವರ ಕೈಯಲ್ಲೇ ಇತ್ತು.