ಬ್ಲೌಸ್ ಹೊಲಿದು ಉಳಿದ ಚಿಟ್ಟೆಗಳು

ಲೇಡೀಸ್ ಟೈಲರ್ ಆದವನು ನಗುವುದಕ್ಕೆ ಎಲ್ಲಿಗೂ ಹೋಗಬೇಕಾಗಿಲ್ಲ. ದಿನಾ ಒಂದಲ್ಲ ಒಂದು ಪ್ರಸಂಗ ಅಂಗಡಿ ಬಾಗಿಲಿಗೇ ಬರುತ್ತದೆ, ಎಷ್ಟೋ ಸಲ ಬೈಯುತ್ತಲೇ ಬರುತ್ತದೆ.

ಬಂಗಾರಪೇಟೆಯಲ್ಲಿರುವ ನನ್ನ ಅಂಗಡಿಗೆ ಬೋರ್ಡು ಇದೆ, ಯಾರೂ ಓದುವುದಿಲ್ಲ. 'ತುಂಡು ವಾಪಸ್ ಕೊಡೋ ಟೈಲರ್' ಅಂದರೆ ಸಾಕು, ಆಟೋದವರು ತಂದು ಬಿಡುತ್ತಾರೆ. ನಮ್ಮ ಕಡೆ ಹೆಂಗಸರು ಬ್ಲೌಸು ಬಿಗಿಯಾದರೂ ಸಹಿಸಿಕೊಳ್ಳುತ್ತಾರೆ, ಉಳಿದ ಬಟ್ಟೆ ವಾಪಸ್ ಬರಲಿಲ್ಲ ಅಂದರೆ ಜನ್ಮದಲ್ಲಿ ಮರೆಯುವುದಿಲ್ಲ. ಅದಕ್ಕೇ ಅಂಗೈಯಗಲದ ತುಂಡಿದ್ದರೂ ಮಡಚಿ ಬ್ಲೌಸಿನೊಳಗಿಟ್ಟು ಕೊಡುತ್ತೇನೆ. ನನ್ನ ಅನ್ನ ನಿಂತಿರುವುದೇ ಆ ಹೆಸರಿನ ಮೇಲೆ. ಯಾರಿಗೂ ಬೇಡವಾದ ಚೂರು ಮಾತ್ರ ಮಷೀನಿನ ಪಕ್ಕದ ಬುಟ್ಟಿಗೆ ಬೀಳುತ್ತದೆ.

ಆ ಬುಟ್ಟಿಯ ಮೇಲೆ ನನ್ನ ಹೆಂಡತಿಯ ಕಣ್ಣು ಬಿತ್ತು. ಕಾಲರಿಗೆ ಹಾಕುವ ಕ್ಯಾನ್ವಾಸ್ ಒಳಗಿಟ್ಟು ರೆಕ್ಕೆ, ಅಂಚಿಗೆ ಜರಿ, ಕಣ್ಣಿಗೆ ಮಣಿ. ಕೂತಲ್ಲೇ ಚಿಟ್ಟೆ ಎದ್ದು ಬರುತ್ತದೆ. ಬಾಗಿಲ ಪರದೆಗೆ, ಜಡೆಗೆ, ದೇವರ ಮನೆ ತೋರಣಕ್ಕೆ ಜನ ಕೇಳಿ ಒಯ್ಯುತ್ತಾರೆ. ಇಷ್ಟು ವರ್ಷ ಕತ್ತರಿ ಹಿಡಿದ ನನಗೇ ಆ ಕೈಚಳಕ ಇಲ್ಲ. ನೋಡುತ್ತಾ ಕೂತರೆ ಹೊಟ್ಟೆಕಿಚ್ಚೂ ಆಗುತ್ತದೆ, ಹೆಮ್ಮೆಯೂ ಆಗುತ್ತದೆ.

ಮೋಟಾರ್ ಸುಟ್ಟ ದಿನ

ಮದುವೆ ಸೀಸನ್ನಿನಲ್ಲೇ ಮಷೀನಿನ ಮೋಟಾರ್ ಸುಟ್ಟುಹೋಯಿತು. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಊಟದ ಕ್ಯಾರಿಯರ್ ತಂದ ಹೆಂಡತಿ ನನ್ನ ಮುಖವನ್ನೂ ನೋಡಲಿಲ್ಲ, ಬಿಚ್ಚಿಟ್ಟ ಮೋಟಾರಿನೊಳಗೆ ಇಣುಕಿದಳು.

"ರೀ, ಎಷ್ಟು ಸಣ್ಣ ತಂತಿ! ಚಿಟ್ಟೆ ಮೀಸೆಗೆ ಏಳಿ ಮಾಡ್ಸಿದಂಗೈತೆ."

ನಾನು ರಿಪೇರಿಯವನಿಗೆ ಫೋನ್ ಹಚ್ಚುವಷ್ಟರಲ್ಲಿ ತಾಮ್ರದ ತಂತಿಯೆಲ್ಲ ಅವಳ ಬೆರಳಿಗೆ ಸುತ್ತಿಕೊಂಡಿತ್ತು. ಹೊಸ ಮೋಟಾರೇ ಹಾಕಿಸಬೇಕಾಯಿತು. ಆ ತಂತಿಯ ಮೀಸೆ ಬಂದ ಮೇಲೆ ಮಾತ್ರ ಚಿಟ್ಟೆಗಳಿಗೆ ಜೀವ ಬಂದಂತಾಯಿತು, ಅದನ್ನು ಒಪ್ಪಲೇಬೇಕು.

ತಂತಿ ಮುಗಿಯುತ್ತಾ ಬಂದಾಗ ಒಂದು ಮಧ್ಯಾಹ್ನ ಅವಳು ತಲೆಯೆತ್ತಿ ಸೂರನ್ನೇ ನೋಡುತ್ತಾ ಕೇಳಿದಳು, "ಈ ಫ್ಯಾನು ಬಲೇ ಸೌಂಡ್ ಮಾಡ್ತದೆ. ಯಾವಾಗ ಕೆಡ್ತದೇರೀ?"

ರೈಲಿನಲ್ಲಿ

ಅವಳ ತವರು ಚಿನ್ನದ ಗಣಿ ಕಡೆಯ ಚಾಂಪಿಯನ್ ರೀಫ್ಸ್. ಅಲ್ಲಿಂದ ಬರುವಾಗ ಕಿವಿಯ ಮೇಲಿನ ಕೂದಲಿಗೆ ಹಳದಿ ರೇಷ್ಮೆಯ ಚಿಟ್ಟೆಯೊಂದನ್ನು ಸಿಕ್ಕಿಸಿಕೊಂಡು ರೈಲು ಹತ್ತಿದಳು. ಕೋರಮಂಡಲ್ ಸ್ಟೇಷನ್ನಿನಲ್ಲಿ ಒಬ್ಬ ಅಜ್ಜಿ ಹತ್ತಿ ಎದುರಿಗೆ ಕೂತರು. ಕೂತವರೇ ಮುಂದೆ ಬಾಗಿ ಪಿಸುಗುಟ್ಟಿದರು.

"ಅಲ್ಲಾಡ್ಬ್ಯಾಡ ಕಣಮ್ಮ, ತಲೆ ಮ್ಯಾಲೆ ಚಿಟ್ಟೆ ಕೂತದೆ. ಒಳ್ಳೇದಾಯ್ತದೆ ನಿಂಗೆ."

ಅಜ್ಜಿ ಕೆಮ್ಮು ಬಂದರೂ ಸೆರಗು ಬಾಯಿಗಿಟ್ಟುಕೊಂಡು ತಡೆದರಂತೆ. ಕಡಲೆಕಾಯಿ ಮಾರುವವನಿಗೆ ಕೂಗಬೇಡವೆಂದು ಕೈಸನ್ನೆ ಮಾಡಿದರಂತೆ. ಇವಳೂ ಬಂಗಾರಪೇಟೆವರೆಗೆ ಕತ್ತು ತಿರುಗಿಸದೆ ಬಂದಿದ್ದಾಳೆ.

"ಬಟ್ಟೆದು ಅಂತ ಹೇಳೋದಲ್ವೇನೇ?" ಅಂದೆ.

"ಅಷ್ಟು ಕುಸಿಯಾಗಿ ನೋಡ್ತಿದ್ರು, ಎಂಗ್ ಏಳ್ಲಿ? ಮಾತು ಸಾಕು, ಎಣ್ಣೆ ತಕ್ಕೊಂಡ್ ಬನ್ನಿ, ಕತ್ತು ಇಡ್ಕೊಂಬಿಟ್ಟದೆ."

ಪಕ್ಕದ ಮನೆಯ ಪರದೆ

ಇದು ನನ್ನ ಹೆಸರೇ ಹೋಗಲಿದ್ದ ಪ್ರಸಂಗ. ಅಂಗಡಿ ತುಂಬ ಹೆಂಗಸರು. ಹಸು ಕಟ್ಟಿ ಹಾಲು ಹಾಕುವ ನಮ್ಮ ಹಳೇ ಗಿರಾಕಿಯೊಬ್ಬಳು ಒಂದು ಚಿಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ನುಗ್ಗಿದಳು.

"ಏನಣ್ಣಾ ಇದು? ನನ್ ಮಗಳ ನಿಶ್ಚಿತಾರ್ಥದ ಬಟ್ಟೆ ಪಕ್ಕದ್ಮನೆ ಪರದೆ ಮ್ಯಾಲೆ ಆರಾಡ್ತಾ ಐತೆ! ಅವ್ಳ ವಾಟ್ಸಾಪ್ ಸ್ಟೇಟಸ್ಸಲ್ಲಿ ನೋಡ್ದೆ. ತುಂಡು ವಾಪಸ್ ಕೊಡೋ ಟೈಲರ್ ಅಂತೆ, ತುಂಡು!"

ಅವಳ ಹಿಂದೆಯೇ ಪಕ್ಕದ ಮನೆಯಾಕೆ ಏದುಸಿರು ಬಿಡುತ್ತಾ ಬಂದಳು. "ಬಟ್ಟೆ ನಿಂದಾದ್ರೆ ಚಿಟ್ಟೆ ನಂದು. ಕೊಡು ಇಲ್ಲಿ."

ಉಳಿದವರೆಲ್ಲ ಆಗಲೇ ನನ್ನ ಬುಟ್ಟಿಯೊಳಗೆ ತಮ್ಮ ತಮ್ಮ ಬಣ್ಣ ಹುಡುಕುತ್ತಿದ್ದರು. ನಡೆದದ್ದು ನನಗೆ ನೆನಪಿತ್ತು. ಬ್ಲೌಸು ಒಯ್ಯಲು ಬಂದ ಹಾಲಿನಾಕೆಯ ಗಂಡನೇ "ಈ ಚೂರ್ಯಾಕೆ" ಅಂತ ತುಂಡನ್ನು ಬುಟ್ಟಿಗೆ ಹಾಕಿ ಹೋಗಿದ್ದ. ಅದನ್ನು ಹೇಳಿದರೆ ಪಾಪ, ಅವನ ಗತಿಯೇನು ಅಂತ ಬಾಯಿ ಕಟ್ಟಿತು. ಮೂಲೆಯಲ್ಲಿ ಚಿಟ್ಟೆ ಹೊಲಿಯುತ್ತಾ ಕೂತಿದ್ದ ನನ್ನ ಹೆಂಡತಿಗೆ ಆ ಕರುಣೆಯೆಲ್ಲ ಇಲ್ಲ.

"ನಿಮ್ ಯಜಮಾನ್ರೇ ಆಕೋದ್ರು ಅಕ್ಕಾ," ಅಂದಳು. ಹಾಗೇ ಸಣ್ಣ ದನಿಯಲ್ಲಿ ಕೇಳಿದಳು, "ಇಷ್ಟು ದಿನ ವಾಪಸ್ ತಕ್ಕೊಂಡ ತುಂಡೆಲ್ಲ ಏನ್ ಮಾಡಿದ್ರಿ?"

"ಬೀರೂನಾಗೆ ಗಂಟು ಕಟ್ಟಿ ಇಕ್ಕಿವ್ನಿ."

"ಯಾಕೆ?"

ಆಕೆ ಮುಷ್ಟಿ ಬಿಚ್ಚಿ ಚಿಟ್ಟೆಯನ್ನೇ ನೋಡುತ್ತಾ, "ಇರ್ಲಿ ಅಂತ," ಅಂದಳು.

ಅಂಗಡಿಯೇ ನಕ್ಕಿತು. ಯಾಕೆಂದರೆ ಅಲ್ಲಿದ್ದ ಎಲ್ಲರ ಬೀರುವಿನಲ್ಲೂ ಅಂಥದೊಂದು ಗಂಟಿತ್ತು. "ತನ್ನಿ, ನಿಮ್ ತುಂಡು ನಿಮ್ಗೇ ಚಿಟ್ಟೆ ಮಾಡ್ಕೊಡ್ತೀನಿ," ಅಂದಳು ಇವಳು. ಪಕ್ಕದ ಮನೆಯ ಚಿಟ್ಟೆ ಪರದೆಗೆ ವಾಪಸ್ ಹೋಯಿತು, ನನ್ನ ಹೆಸರು ಉಳಿಯಿತು. ಆಮೇಲೆ ಬಂದ ಗಂಟುಗಳಿಂದ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು.

ಮೊನ್ನೆ ಅದೇ ಹಾಲಿನಾಕೆ ಹೊಸ ರೇಷ್ಮೆ ಬ್ಲೌಸ್ ಪೀಸ್ ತಂದಳು. ನಾನು ಟೇಪು ಹಿಡಿದು ಎದ್ದೆ. ಆಕೆ ನನ್ನನ್ನು ದಾಟಿ ಹೋಗಿ ಬಟ್ಟೆಯನ್ನು ನನ್ನ ಹೆಂಡತಿಯ ಮಡಿಲಲ್ಲಿಟ್ಟಳು. "ಇದ್ರಾಗೆ ಒಂದು ದೊಡ್ಡ ಚಿಟ್ಟೆ ಮಾಡಮ್ಮ, ಅವ್ಳ ಪರದೇದಕ್ಕಿಂತ ದೊಡ್ದು," ಅಂದಳು.

ಆಮೇಲೆ ನಾನೂ ಅಲ್ಲಿರುವುದು ಕಂಡು ನನ್ನ ಕಡೆ ತಿರುಗಿದಳು.

"ಅಣ್ಣಾ, ಉಳಿದ ತುಂಡಲ್ಲಿ ನಂಗೊಂದು ಬ್ಲೌಸ್ ಒಲ್ದ್‌ಬಿಡು. ಸಾಲ್ದಿದ್ರೆ ತೋಳು ಬ್ಯಾಡ."